ಯಮುನಕ್ಕನ ಫೋನಿನಲ್ಲಿ ಅಳಿಯದೆ ಉಳಿದದ್ದು

ನನ್ನ ಗಂಡನ ಅಕ್ಕ ಯಮುನಾಬಾಯಿ ಮೂವತ್ತೊಂದು ವರ್ಷ ಅಕ್ಕಲಕೋಟೆಯ ಒಂದು ಸರಕಾರಿ ಕಚೇರಿಯಲ್ಲಿ ಆವಕ-ಜಾವಕ ಟೇಬಲ್ಲಿನ ಹಿಂದೆ ಕುಳಿತವರು. ಬಂದ ಕಾಗದಕ್ಕೊಂದು ಠಸ್ಸೆ, ಹೋದ ಕಾಗದಕ್ಕೊಂದು ಠಸ್ಸೆ. ಯಾವ ಕಾಗದದಲ್ಲಿ ಏನಿದೆ ಎಂದು ಊರಿನವರು ಎಷ್ಟು ಕೆದಕಿದರೂ ಅವರ ಬಾಯಿಂದ ಒಂದು ಅಕ್ಷರ ಹೊರಬೀಳುತ್ತಿರಲಿಲ್ಲ. ಆ ಬಿಗಿ ಬಾಯಿಯನ್ನು ನಂಬಿಯೇ ಜನ ತಮ್ಮ ಮಕ್ಕಳ ಲಗ್ನದ ಮಾತನ್ನೂ ಅವರ ಕೈಗೆ ಕೊಡತೊಡಗಿದರು. ನಿವೃತ್ತಿಯಾಗುವ ಹೊತ್ತಿಗೆ ನೂರಾ ಹನ್ನೊಂದು ಜೋಡಿ ಕೂಡಿಸಿದ್ದರು. ಫೀ ಇಲ್ಲ, ಕಮಿಷನ್ ಇಲ್ಲ. ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ. ಅದಕ್ಕಿಂತ ಹೆಚ್ಚು ಕೊಟ್ಟವರನ್ನು ಬೈದು ಕಳಿಸುತ್ತಿದ್ದರು.

ಇಪ್ಪತ್ತೆಂಟಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಅವರು. ನೂರಾ ಹನ್ನೊಂದು ಲಗ್ನ ಮಾಡಿಸಿದ ಈ ಹೆಂಗಸು ಒಂದರಲ್ಲೂ ಮುಂದಿನ ಸಾಲಿನಲ್ಲಿ ಕುಳಿತದ್ದನ್ನು ನಾನು ನೋಡಿಲ್ಲ. ಅಡುಗೆಮನೆಯ ಬಾಗಿಲಿನ ಹತ್ತಿರ ನಿಂತು, ಅಕ್ಷತೆ ಬಿದ್ದ ಮೇಲೆ ಕಣ್ಣೊರೆಸಿಕೊಂಡು, ಊಟಕ್ಕೆ ಮೊದಲೇ ಬಸ್ಸು ಹತ್ತುತ್ತಿದ್ದರು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ನಾನು ಕನ್ನಡ ಸಾಲೆಯ ಮಾಸ್ತರಬಾಯಿ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಸಾಲೆಯ ಹುಡುಗರಿಗೂ ಗೊತ್ತು, ಮನೆಯವರಿಗೂ ಗೊತ್ತು. ಈ ಕತೆಯಲ್ಲಿ ಆ ಸಿಟ್ಟಿಗೂ ಒಂದು ಪಾಲಿದೆ. ಅದನ್ನು ಮುಚ್ಚಿಟ್ಟು ಹೇಳಿದರೆ ನನಗೇ ನಾಚಿಕೆಯಾಗುತ್ತದೆ.

ನಮ್ಮ ಕಡೆ ಲಗ್ನದ ಮಾತಿನಲ್ಲಿ ಒಂದು ರೀತಿ ಇದೆ. ಸ್ಥಳ, ಅಂದರೆ ಸಂಬಂಧ, ಬಂತು, ನೋಡಿದರು, ಮನಸ್ಸಿಗೆ ಬರಲಿಲ್ಲ ಅನ್ನಿ. ಯಾರೂ ಬಾಯಿಬಿಟ್ಟು ‘ಬೇಡ’ ಅನ್ನುವುದಿಲ್ಲ. ಹುಡುಗಿ ಕಪ್ಪು ಅನ್ನುವುದಿಲ್ಲ, ಹುಡುಗನಿಗೆ ಪಗಾರ ಕಡಿಮೆ ಅನ್ನುವುದಿಲ್ಲ. ‘ಪತ್ರಿಕಾ ಕೂಡಲಿಲ್ಲರಿ’ ಎನ್ನುತ್ತಾರೆ. ಜಾತಕ ತೋರಿಸಿರಲಿ ಬಿಡಲಿ, ಪತ್ರಿಕಾ ಕೂಡಲಿಲ್ಲ. ಕೇಳಿದವರಿಗೆ ಅದು ಸುಳ್ಳೆಂದು ಗೊತ್ತು, ಅವರಿಗೆ ಗೊತ್ತಿದೆಯೆಂದು ಹೇಳಿದವರಿಗೂ ಗೊತ್ತು. ಆದರೂ ಎರಡೂ ಮನೆಯ ಮರ್ಯಾದೆ ಉಳಿಯುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಲಗ್ನ ಮಾಡು ಅನ್ನುತ್ತಾರೆ. ಯಮುನಕ್ಕ ಆ ಒಂದೇ ಸುಳ್ಳನ್ನು ಸಾವಿರ ಸಲ ಹೇಳಿದ್ದರು.

ಮೊದಲೆಲ್ಲ ಅವರ ಹತ್ತಿರ ಒಂದು ದಪ್ಪ ರಜಿಸ್ಟರ್ ಇತ್ತು. ಬರಬರುತ್ತ ಜನ ಬಾಯೋಡಾಟಾವನ್ನು ವಾಟ್ಸಾಪಿನಲ್ಲಿ ಕಳಿಸತೊಡಗಿದರು. ಹುಡುಗಿ ಸೀರೆಯುಟ್ಟ ಫೋಟೋ, ಚೂಡಿದಾರದ ಫೋಟೋ, ಗೋತ್ರ, ಎತ್ತರ, ಮಾವಂದಿರ ಊರು. ಫೋನು ತುಂಬಿ ಉಸಿರುಗಟ್ಟಿತು. ಆಗ ಬಸ್‌ಸ್ಟ್ಯಾಂಡಿನ ಎದುರು ಮೊಬೈಲ್ ಅಂಗಡಿ ಇಟ್ಟಿರುವ ಅಂಬಾದಾಸ ಅವರಿಗೊಂದು ಬೇರೆ ವಾಟ್ಸಾಪು ಹಾಕಿಕೊಟ್ಟ. ಕಂಪನಿಯದಲ್ಲ, ಯಾರೋ ಹೊರಗಿನವರು ತಿದ್ದಿ ಮಾಡಿದ್ದು. ಅಂಗಡಿಯಲ್ಲಿ ಅದಕ್ಕೆ ‘ಡಬಲ್‌ವಾಲಾ’ ಅನ್ನುತ್ತಿದ್ದರು.

ಸುಳ್ಳು ಯಾಕೆ ಹೇಳಲಿ, ಅದರಿಂದ ಸುಖವಿತ್ತು. ಒಂದೇ ಫೋನಿನಲ್ಲಿ ಎರಡು ನಂಬರು: ಮನೆಯದೊಂದು, ಲಗ್ನದ್ದೊಂದು. ಫೋಟೋ ಮಸುಕಾಗದೆ ಹೋಗುತ್ತಿತ್ತು. ಓದಿದರೂ ನೀಲಿ ಗುರುತು ಬೀಳುತ್ತಿರಲಿಲ್ಲ. ಹುಡುಗರ ತಾಯಂದಿರು ‘ನೋಡೀರಿ, ಉತ್ತರಾ ಕೊಡಲಿಲ್ಲ’ ಎಂದು ಜೀವ ತಿನ್ನುವುದು ತಪ್ಪಿತ್ತು. ಎಲ್ಲಕ್ಕಿಂತ ದೊಡ್ಡದು ಇನ್ನೊಂದಿತ್ತು. ಯಾರಾದರೂ ಏನಾದರೂ ಕಳಿಸಿ ಮರುಕ್ಷಣ ಅಳಿಸಿದರೆ ಬೇರೆಯವರ ಫೋನಿನಲ್ಲಿ ಅದು ಹೋಗಿಬಿಡುತ್ತದೆ. ಅಕ್ಕನ ಫೋನಿನಲ್ಲಿ ಉಳಿಯುತ್ತಿತ್ತು. ಪಕ್ಕದಲ್ಲಿ ಸಣ್ಣದೊಂದು ಕೆಂಪು ಗುರುತು, ಅಷ್ಟೆ.

"ಕಂಪನಿದ ಬಿಟ್ಟು ಇದ್ಯಾಕ್ರಿ? ಸಾಲ್ಯಾಗ ಟ್ರೇನಿಂಗ್‌ನ್ಯಾಗ ಹೇಳ್ಯಾರ, ಇಂಥಾವು ಹಾಕ್ಕೋಬಾರದಂತ," ಎಂದೆ ನಾನು.

"ನಿನಗ ಎಲ್ಲಾದಕ್ಕೂ ಟ್ರೇನಿಂಗ್ ಬೇಕು ನೋಡು, ಮಾಸ್ತರಬಾಯಿ," ಎಂದು ನಕ್ಕರು ಅಕ್ಕ.

ಆ ಕೆಂಪು ಗುರುತು ಒಂದು ಸಲ ಒಳ್ಳೆಯದನ್ನೂ ಮಾಡಿತು. ತಡವಳದ ಸಾಯಲಿ ಎಂಬ ಹುಡುಗಿಗೆ ಒಂದು ಸ್ಥಳ ಬಂದಿತ್ತು. ಹುಡುಗನ ಕಾಕಾ ‘ಕುಡಿಯೋದು ಈಗ ಬಹಳ ಕಡಿಮಿ ಮಾಡ್ಯಾನ’ ಎಂದು ಬರೆದು ಅಳಿಸಿದ. ಅಕ್ಕ ಓದಿದರು. ಸದ್ದಿಲ್ಲದೆ ವಿಚಾರಿಸಿದರು, ಮಾತು ನಿಜವಿತ್ತು. ಎರಡೂ ಕಡೆಗೆ ಪತ್ರಿಕಾ ಕೂಡಲಿಲ್ಲವೆಂದು ಹೇಳಿ ಕೈಬಿಡಿಸಿದರು. ಸಾಯಲಿಯ ತಾಯಿಗೆ ಆಗ ಕಾರಣ ಗೊತ್ತಾಗಲಿಲ್ಲ. ಅಂದಿನಿಂದ ಅಕ್ಕ ಆ ಫೋನನ್ನು ದೇವರ ಮನೆಯ ಗೋಡೆಗೂಡಿನಲ್ಲಿ ಚಾರ್ಜಿಗೆ ಇಡತೊಡಗಿದರು.

ಇನ್ನು ನನ್ನ ಮಗಳು ಕೇತಕಿಯ ಮಾತು. ಅವಳು ಫಾರ್ಮಸಿ ಓದಿ ಸೋಲಾಪುರದ ಒಂದು ದವಾಖಾನೆಯ ಔಷಧದ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಅವಳಿಗೆ ಅಕ್ಕನೇ ಸ್ಥಳ ತಂದರು. ಸೋಲಾಪುರದ ಚನ್ನವೀರಪ್ಪನವರ ಮಗ ಶೈಲೇಶ. ಅವರದು ಸಾಲೆಯ ಯೂನಿಫಾರ್ಮ್ ಹೊಲಿಸಿ ಮಾರುವ ವ್ಯಾಪಾರ. ಹುಡುಗನ ತಾಯಿ ಕಸ್ತೂರಬಾಯಿ ಖಡಕ್ ಹೆಂಗಸು, ಆದರೆ ಮನೆತನ ಒಳ್ಳೆಯದು. ಅವರು ನಮ್ಮ ಮನೆಗೆ ಬಂದರು, ಅವಲಕ್ಕಿಯ ಪೋಹೆ ತಿಂದರು. ಹುಡುಗ-ಹುಡುಗಿ ಮಾಳಿಗೆಯ ಮೇಲೆ ಅರ್ಧ ತಾಸು ಮಾತಾಡಿದರು. ಕೆಳಗೆ ಬಂದ ಕೇತಕಿಯ ಮುಖ ನೋಡಿದ್ದೇ ನನಗೆ ಉತ್ತರ ಸಿಕ್ಕಿತು. ಸಾಖರಪುಡಾ, ಅಂದರೆ ನಿಶ್ಚಿತಾರ್ಥಕ್ಕೆ, ಮುಂದಿನ ತಿಂಗಳ ಎರಡನೆಯ ರವಿವಾರ ಗೊತ್ತಾಯಿತು.

ಹತ್ತೊಂಬತ್ತು ದಿನ ಮುಂಚೆ, ಒಂದು ಮಂಗಳವಾರ ಮಧ್ಯಾಹ್ನ, ಅಕ್ಕ ಶೇಂಗಾ ಹುರಿಯುತ್ತಿದ್ದರು. ಫೋನು ಸದ್ದು ಮಾಡಿತು. ಕಸ್ತೂರಬಾಯಿಯ ಮೆಸೇಜು. ಆಕೆ ಕನ್ನಡವನ್ನು ಮರಾಠಿ ಅಕ್ಷರದಲ್ಲಿ ಬರೆಯುತ್ತಾರೆ, ನಮ್ಮಲ್ಲಿ ಹಾಗೆ ಬರೆಯುವವರು ಬಹಳ. ಹೀಗಿತ್ತು:

‘ಅಕ್ಕಾ, ಶೈಲೇಶನ ಗೋಳಿ ಸುದ್ದಿ ಅಕ್ಕಲಕೋಟಿ ಮಂದಿ ಮುಂದ ಸದ್ಯಾ ತೆಗೀಬ್ಯಾಡ. ಫಿಟ್ಸ್ ಅಂದ ಕೂಡಲೆ ಮಂದಿ ಅಂಜ್ತಾರ.’

ಗೋಳಿ ಅಂದರೆ ಗುಳಿಗೆ. ಅಕ್ಕ ಓದಿ ಮುಗಿಸುವುದರೊಳಗೆ ಪಕ್ಕದಲ್ಲಿ ಕೆಂಪು ಗುರುತು ಬಿತ್ತು. ಅವರಿಗೆ ಕೂಡಲೇ ತಿಳಿಯಿತು. ಕಸ್ತೂರಬಾಯಿಗೆ ಮಂಗಳವೇಢೆಯಲ್ಲಿ ಒಬ್ಬ ಅಕ್ಕ ಇದ್ದಾಳೆ. ಆಕೆಯ ಫೋನಿನಲ್ಲಿ ‘ಅಕ್ಕಾ ಅಕ್ಕಲಕೋಟಿ’, ‘ಅಕ್ಕಾ ಮಂಗಳವೇಢೆ’ ಒಂದರ ಕೆಳಗೊಂದು ಇರುತ್ತವೆ. ಬೆರಳು ತಪ್ಪಿದೆ. ತಪ್ಪು ತಿಳಿದು ಅಳಿಸಿದ್ದಾರೆ. ಆ ಕಡೆ ಆಕೆ ಈಗ ನಿರಾಳವಾಗಿ ಕುಳಿತಿರುತ್ತಾರೆ. ಈ ಕಡೆ ಬಾಣಲೆಯಲ್ಲಿ ಶೇಂಗಾ ಕರಿಯಾಗಿ ಹೊಗೆಯಾಡುತ್ತಿತ್ತು. ಸಾಲೆಯಿಂದ ಬಂದ ನಾನು "ಅಕ್ಕಾ, ಮನಿ ಸುಡಾಕ ಹತ್ತೀರೇನ್ರಿ?" ಎಂದು ರೇಗಿದೆ. ಅವರು ಒಲೆ ಆರಿಸಿದರು.

ಅಂದಿನಿಂದ ಆ ಮನುಷ್ಯೆ ಸೊರಗಿದ್ದನ್ನು ನೋಡಬೇಕಿತ್ತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಫೋನನ್ನು ಗೂಡಿನಿಂದ ತೆಗೆದು ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನಲ್ಲಿ ಇಟ್ಟರು. ಅರ್ಧ ತಾಸಿಗೊಮ್ಮೆ ಟ್ರಂಕು ತೆಗೆದು, ಬಿಚ್ಚಿ, ಆ ಎರಡು ಸಾಲು ಓದಿ, ಮತ್ತೆ ಸುತ್ತಿಡುತ್ತಿದ್ದರು. ಬಿಪಿ ಹೆಚ್ಚಾಗಿರಬೇಕೆಂದು ನಾನು ದವಾಖಾನೆಗೆ ಎಳೆದುಕೊಂಡು ಹೋದೆ. ಡಾಕ್ಟರು ಏನೂ ಇಲ್ಲವೆಂದರು.

ಅವರ ಹೊಟ್ಟೆಯೊಳಗಿನ ಸಂಕಟ ಆಮೇಲೆ ಅವರ ಬಾಯಿಂದಲೇ ಕೇಳಿದ್ದೇನೆ. ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು. ಸುಮ್ಮನಿದ್ದರೆ ಸ್ವಂತ ತಮ್ಮನ ಮಗಳನ್ನು ಕಣ್ಣಾರೆ ಕಂಡು ಮುಚ್ಚುಮರೆಯ ಮನೆಗೆ ದೂಡಿದಂತೆ. ಕಸ್ತೂರಬಾಯಿಯನ್ನು ಕೇಳಿದರೆ ‘ನಿಮಗ ಹೆಂಗ ಗೊತ್ತಾತು?’ ಎಂಬ ಮಾತು ಬರುತ್ತದೆ. ಅಕ್ಕನ ಫೋನು ಅಳಿಸಿದ್ದನ್ನೂ ಓದುತ್ತದೆಂದು ಒಂದು ಮನೆಗೆ ಗೊತ್ತಾದರೆ ಮುನ್ನೂರು ಮನೆಗೆ ಗೊತ್ತಾಗುತ್ತದೆ. ಎಷ್ಟು ಮಂದಿ ಏನೇನು ಬರೆದು ಅಳಿಸಿದ್ದಾರೋ, ಎಲ್ಲರೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮೂವತ್ತು ವರ್ಷದ ಬಿಗಿ ಬಾಯಿಯ ಹೆಸರು ಮಣ್ಣುಪಾಲು. ನನಗಾದರೂ ಹೇಳಬಹುದಿತ್ತು. ಯಾಕೆ ಹೇಳಲಿಲ್ಲವೆಂದರೆ, ‘ನೀ ಕೇಳಿದ ಗಳಿಗಿಗೆ ಸೋಲಾಪುರ ಬಸ್ ಹತ್ತಿ ಅವರ ಅಂಗಡಿ ಮುಂದ ನಿಂತು ಒದರ್ತಿದ್ದಿ’ ಎಂದರು ಆಮೇಲೆ. ಸುಳ್ಳಲ್ಲ. ಖಂಡಿತ ಒದರುತ್ತಿದ್ದೆ.

ಒಂದು ದಿನ ಅವರು ಯಾರಿಗೂ ಹೇಳದೆ ಸೋಲಾಪುರಕ್ಕೆ ಹೋದರು. ಯೂನಿಫಾರ್ಮ್ ಅಂಗಡಿಯ ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಎರಡು ತಾಸು ಕುಳಿತರು. ಶೈಲೇಶ ಒಂದು ಮಗುವಿಗೆ ಚಡ್ಡಿಯ ಅಳತೆ ನೋಡುತ್ತಿದ್ದನಂತೆ, ಮಗುವನ್ನು ನಗಿಸುತ್ತಿದ್ದನಂತೆ. ಅವನು ಫಿಟ್ಸ್ ಬಂದು ಬೀಳುತ್ತಾನೇನೋ ಎಂದು ಕಾಯುತ್ತ ಕುಳಿತೆನೆಂದು ಅಕ್ಕ ಆಮೇಲೆ ಹೇಳಿದರು. "ಎಂಥಾ ಕೆಟ್ಟ ಮನಸು ಆಗಿತ್ತು ನಂದು," ಎಂದರು. ಮಾತಾಡದೆಯೇ ವಾಪಸು ಬಂದಿದ್ದರು.

ಸಾಖರಪುಡಾಕ್ಕೆ ಹದಿಮೂರು ದಿನ ಉಳಿದಿದ್ದಾಗ, ಸೋಮವಾರ ಮುಂಜಾನೆ, ಅಕ್ಕ ಟ್ರಂಕಿನಿಂದ ಫೋನು ತೆಗೆದರು. ಡಬಲ್‌ವಾಲಾ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ಕೆಳಗೊಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ಅಂಬಾದಾಸನ ಅಂಗಡಿಗೆ ಓಡಿದರು.

"ಕಂಪನಿಯವ್ರು ಹಿಡದಾರ್ರಿ ಮಾವಶಿ," ಎಂದ ಅಂಬಾದಾಸ. ಅವನು ಹೆಂಗಸರಿಗೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಅನ್ನುವವನು. "ಹೊರಗಿನ ಆಪ್ ಬಳಸಾಕತ್ತೀರಂತ ನಂಬರ್ ಬಂದ್ ಮಾಡ್ಯಾರ. ಟೆನ್ಶನ್ ಘೇವು ನಕಾ, ತಗೋಬ್ಯಾಡ್ರಿ. ಕಾದು ನೋಡೂಣು, ಖರೇದು ಹಾಕ್ಕೊಂಡ್ರ ನಂಬರ್ ವಾಪಸ್ ಬರತದ."

"ಒಳಗಿದ್ದದ್ದು?"

"ಅದು ಹೋತ್ರಿ. ಇದರಾಗಿಂದು ಅದಕ್ಕ ಬರೂದಿಲ್ಲ."

"ಅದರಾಗ ಮುನ್ನೂರಾ ಹನ್ನೆರಡು ಹುಡುಗ್ಯಾರ ಫೋಟೋ ಅದಾವೋ. ನನ್ನ ಹತ್ರ ಇಲ್ಲಂದ್ರ ಈಗ ಯಾರ ಹತ್ರ ಅದಾವ?"

ಅಂಬಾದಾಸ ಫೋನಿನ ಗಾಜನ್ನು ಅಂಗಿಯ ತುದಿಯಿಂದ ಒರೆಸಿದ. "ಅದನ್ನ ಮಾಡಿದವರು ಯಾರಂತ ನನಗೂ ಗೊತ್ತಿಲ್ರಿ," ಎಂದ. ಅವನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಂಡಿತಂತೆ.

ಅಲ್ಲಿಗೆ ಅಕ್ಕನ ಧೈರ್ಯ ಪೂರ್ತಿ ಕುಸಿಯಿತು. ಎರಡು ರಾತ್ರಿ ನಿದ್ದೆ ಇಲ್ಲ. ಬುಧವಾರ ಬೆಳಿಗ್ಗೆ ಮೂವತ್ತು ವರ್ಷದಿಂದ ಕೈಗೆ ರೂಢಿಯಾದ ಹಾದಿಯನ್ನೇ ಹಿಡಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮನೆಯ ಲ್ಯಾಂಡ್‌ಲೈನಿನಿಂದ ಕಸ್ತೂರಬಾಯಿಗೆ ಫೋನು ಮಾಡಿ, "ನಮ್ಮ ನಾಗೇಶ ಮತ್ತೊಮ್ಮೆ ಶಾಸ್ತ್ರಿಗಳ ಹತ್ರ ತೋರಿಸ್ಯಾನ್ರಿ. ಪತ್ರಿಕಾ ಕೂಡವಲ್ಲದಂತ," ಎಂದರು. ನಾಗೇಶ ನನ್ನ ಗಂಡ, ಎಸ್‌ಟಿ ಬಸ್ ಡೆಪೋದಲ್ಲಿ ಕ್ಲಾರ್ಕ್. ಆ ಹೊತ್ತಿಗೆ ಅವರು ಡ್ಯೂಟಿಯಲ್ಲಿದ್ದರು, ಪಾಪ, ಅವರಿಗೆ ಯಾವ ಶಾಸ್ತ್ರಿಯೂ ಗೊತ್ತಿಲ್ಲ. ಮಧ್ಯಾಹ್ನ ನಾನು ಸಾಲೆಯಿಂದ ಬಂದ ಕೂಡಲೇ ನನ್ನ ಮುಂದೆ, "ಸೋಲಾಪುರದವ್ರು ಹೇಳಿ ಕಳಿಸ್ಯಾರ. ಪತ್ರಿಕಾ ಕೂಡಲಿಲ್ಲಂತ," ಎಂದರು. ಎರಡೂ ಮನೆಗೂ ಅದೇ ಮಾತು, ಇನ್ನೊಬ್ಬರ ಬಾಯಿಂದ.

ನಾನು ಕುದ್ದುಹೋದೆ. ಪೋಹೆಯ ಮೇಲೆ ಹಾಕಿದ ಕೊಬ್ಬರಿ ವಾಪಸು ಕೊಡಲಿ ಎಂದೆ. ಅಷ್ಟು ದೊಡ್ಡ ಮನೆತನದವರ ಬಾಯಲ್ಲಿ ಎರಡು ನಾಲಿಗೆ ಎಂದೆ. ಇನ್ನೂ ಏನೇನೋ ಅಂದೆ, ಇಲ್ಲಿ ಬರೆಯುವಂತಿಲ್ಲ. ಅಕ್ಕ ಗೋಡೆಗೆ ಒರಗಿ ಕುಳಿತು ಕೇಳುತ್ತಿದ್ದರು.

ಆರೂವರೆಯ ಬಸ್ಸಿಗೆ ಕೇತಕಿ ಬಂದಳು. ಚಪ್ಪಲಿಯನ್ನೂ ಬಿಡದೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅತ್ತಿ, ಶೈಲೇಶ ಫೋನ್ ಮಾಡಿದ್ದ. ನಾವು ಬ್ಯಾಡಂದೀವಂತ. ಯಾರು ಅಂದವರು?"

"ನಾವೆಲ್ಲಿ ಅಂದೀವಿ? ಅವರ ಬ್ಯಾಡಂದಾರ," ಎಂದೆ ನಾನು.

"ಅವ್ವಾ, ನೀ ಸುಮ್ಮಕಿರು. ಅತ್ತಿ ಹೇಳಲಿ."

ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತರು. ಆಮೇಲೆ ಎಲ್ಲ ಹೇಳಿದರು. ಡಬಲ್‌ವಾಲಾ, ಕೆಂಪು ಗುರುತು, ಶೇಂಗಾ ಸುಟ್ಟ ದಿನ. ಮೆಸೇಜು ಹೋಗಿಬಿಟ್ಟಿತ್ತು, ಆದರೆ ಅವರಿಗೆ ಅದು ಬಾಯಿಪಾಠವಾಗಿತ್ತು. ಅಕ್ಷರ ಬಿಡದೆ ಹೇಳಿದರು. "ನಿನಗ ಹೆಂಗ ಹೇಳಲೇ ಕೂಸ? ನಿನ್ನ ಬಾಳೇವು ಹಾಳಾಗಬಾರದಂತ ಮಾಡಿದೆ," ಎಂದರು.

ಕೇತಕಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

"ನನಗ ಗೊತ್ತದ ಅತ್ತಿ. ಮಾಳಗಿ ಮ್ಯಾಲ ಅಂವ ಮೊದಲ ಹೇಳಿದ್ದ ಅದನ್ನ. ಹನ್ನೊಂದನೇ ಕ್ಲಾಸಿನ್ಯಾಗ ಇದ್ದಾಗ ಎರಡು ಸಲ ಬಂದಿದ್ದು. ಎಂಟು ವರ್ಷಾತು, ಮತ್ತ ಬಂದಿಲ್ಲ. ಯಾವ ಗೋಳಿ ತಗೋತಾನ, ಎಷ್ಟರದು, ಎಲ್ಲಾ ತೋರಿಸ್ಯಾನ. ಅದ ಗೋಳಿ ನಾ ದಿನಾ ಹತ್ತು ಮಂದಿಗೆ ಕೊಡತೀನಿ. ಲಗ್ನಾಗಿ ಮಕ್ಕಳು ಮರಿ ಆಗಿ ಸುಖದಿಂದ ಇದ್ದವ್ರಿಗೆ."

"ಮತ್ತ ಅವರವ್ವ ಮುಚ್ಚಿಡು ಅಂದಾಳಲ್ಲ?"

"ಮುಚ್ಚಿಡು ಅಂತ ಹೇಳಿದ್ದು ನಾನು. ನಮ್ಮ ಮನ್ಯಾಗ ನಾನ ಹೇಳತೀನಿ, ಅಲ್ಲೀತನಕ ನೀವು ಮಾತು ತೆಗೀಬ್ಯಾಡ್ರಿ ಅಂತ ಅವರವ್ವಗ ಕೇಳಿಕೊಂಡಿದ್ದೆ. ಮಂಗಳವೇಢಿ ಅಕ್ಕಾಗ ಅದನ್ನ ಬರೀಲಿಕ್ಕೆ ಹತ್ತಿರಬೇಕು ಅವರು. ನಿಮಗ ಬಂದದ್ದು ಬರೇ ಮೊದಲಿನ ತುಂಡು. ಉಳಿದದ್ದು ಮುಟ್ಟಬೇಕಾದವರಿಗೆ ಮುಟ್ಟಿರಬೇಕು."

ಆಗ ನನ್ನ ಸರದಿ. "ಹದಿನೈದು ದಿನ ಆತು. ಯಾಕ ಹೇಳಲಿಲ್ಲ ನನಗ?" ಎಂದೆ.

ಕೇತಕಿ ನನ್ನ ಕಡೆ ನೋಡಲಿಲ್ಲ. "ದಿನಾ ಹೇಳಬೇಕಂತ ಬರತಿದ್ದೆ ಅವ್ವಾ. ನೀ ಯಾವಾಗಿದ್ರೂ ಯಾರಿಗಾರ ಬೈಕೋತ ಇರ್ತಿದ್ದಿ. ನಾಳೆ ಹೇಳೂಣು ಅನಸ್ತಿತ್ತು."

ನನ್ನ ಐವತ್ತೆರಡು ವರ್ಷದಲ್ಲಿ ಯಾರೂ ನನಗೆ ಅಂಥ ಪೆಟ್ಟು ಕೊಟ್ಟಿರಲಿಲ್ಲ. ಸ್ವಂತ ಮಗಳು ನನಗೆ ಹೆದರಿ ಮಾತು ನುಂಗಿದ್ದಳು, ಅಕ್ಕ ನನಗೆ ಹೆದರಿ ಮಾತು ನುಂಗಿದ್ದರು. ನಾನು ಎದ್ದು ಚಹಾಕ್ಕೆ ಇಟ್ಟೆ. ಮೂವರೂ ಕುಡಿದೆವು.

ಮರುದಿನ ಮೊದಲ ಬಸ್ಸಿಗೇ ಸೋಲಾಪುರಕ್ಕೆ ಹೋದೆವು. ಕೇತಕಿ ಶೈಲೇಶನಿಗೆ ಎಲ್ಲ ತಿಳಿಸಿದ್ದಳು. ಆದರೆ ದೊಡ್ಡವರ ಮುಂದೆ ಅಕ್ಕನೇ ಹೇಳಬೇಕಿತ್ತು. ದಾರಿಯುದ್ದಕ್ಕೂ ಅವರ ತುಟಿ ಅಲ್ಲಾಡುತ್ತಿತ್ತು. ಜಪವೋ, ಹೇಳಬೇಕಾದ ಮಾತೋ ನಾನು ಕೇಳಲಿಲ್ಲ. ಆ ಮನೆಯ ಹಾಲಿನಲ್ಲಿ ಚನ್ನವೀರಪ್ಪ, ಕಸ್ತೂರಬಾಯಿ, ಶೈಲೇಶ ಕುಳಿತಿದ್ದರು. ಅಕ್ಕ ಕುಳಿತುಕೊಳ್ಳಲೇ ಇಲ್ಲ, ನಿಂತೇ ಹೇಳಿದರು. ಪತ್ರಿಕಾ ಕೂಡಲಿಲ್ಲವೆಂದದ್ದು ನಾನೇ ಕಟ್ಟಿದ ಸುಳ್ಳು, ತಮ್ಮನದಲ್ಲ ಎಂದರು. ನಿಮ್ಮ ಮೆಸೇಜು ಓದಿದೆ ಎಂದರು.

"ನಾ ಅಳಿಸಿದ್ದೆನಲ್ಲ?" ಎಂದರು ಕಸ್ತೂರಬಾಯಿ.

"ನೀವು ಅಳಿಸಿದ್ರಿ. ನನ್ನ ಫೋನ್ ಅಳಿಸಲಿಲ್ಲರಿ. ವರ್ಷದ ಮ್ಯಾಲಾತು, ಅದರಾಗ ಯಾರದೂ ಅಳಿಯೂದಿಲ್ಲ."

ಕಸ್ತೂರಬಾಯಿಯ ಮುಖ ಬಣ್ಣಗೆಟ್ಟಿತು. ಈ ಒಂದು ವರ್ಷದಲ್ಲಿ ತಾನು ಯಾವ ಹುಡುಗಿಯ ಬಗ್ಗೆ ಏನು ಬರೆದು ಅಳಿಸಿದ್ದೆ ಎಂದು ಆಕೆ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದುದು ನನಗೆ ಕಾಣುತ್ತಿತ್ತು. ಆಕೆಯ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

"ಹುಡುಗೂರು ಮಾತಾಡಿಕೊಂಡಾರ. ಅವರ ನಡುವ ನಾ ಬರೂದಿಲ್ಲ. ಸಾಖರಪುಡಾ ಗೊತ್ತಾದ ದಿನಾನ ಆಗ್ತದ," ಎಂದರು ಕಡೆಗೆ. "ಆದರ ಯಮುನಾಬಾಯರ, ನಿಮ್ಮ ಬಾಯಿ ನಂಬಿ ನಾವು ನಿಮ್ಮ ಮುಂದ ಮನಿ ಬಾಗಲಾ ತೆರದಿದ್ವಿ. ನೀವು ಕಿಡಕ್ಯಾಗ ನಿಂತು ನೋಡೀರಿ. ಇನ್ನ ಈ ಮನ್ಯಾಗ ನಿಮಗೇನು ಕೆಲಸಿಲ್ಲ."

ಚನ್ನವೀರಪ್ಪ ಏನೋ ಅನ್ನಲು ಹೋದರು, ಆಕೆ ಕೈಯೆತ್ತಿ ತಡೆದರು. ಅಕ್ಕ ಎರಡೂ ಕೈ ಮುಗಿದು ಹೊರಗೆ ಬಂದರು. ಫೋನು ಬಂದ್ ಆದದ್ದು, ಇನ್ನು ಆ ಡಬಲ್‌ವಾಲಾ ಮುಟ್ಟುವುದಿಲ್ಲವೆಂದು ಅವರು ನಿರ್ಧರಿಸಿದ್ದು, ಇದು ಯಾವುದೂ ಆ ಗಡಿಬಿಡಿಯಲ್ಲಿ ಹೇಳುವುದಾಗಲಿಲ್ಲ.

ಶನಿವಾರ ನಂಬರು ವಾಪಸು ಬಂತು. ಕೇತಕಿಯೇ ಕುಳಿತು ಕಂಪನಿಯ ವಾಟ್ಸಾಪು ಹಾಕಿಕೊಟ್ಟಳು. ಒಳಗೆ ಏನೂ ಇರಲಿಲ್ಲ. "ಆ ಫೋಟೋ ಎಲ್ಲಿಗಾರ ಹೋಗ್ಯಾವೇನ ಕೂಸ?" ಎಂದು ಅಕ್ಕ ಕೇಳಿದರು. "ಗೊತ್ತಿಲ್ಲ ಅತ್ತಿ. ಹೋಗಿರಲಿಕ್ಕಿಲ್ಲ, ಹೋಗಿರಲೂಬಹುದು. ಗೊತ್ತಾಗೂದಿಲ್ಲ ಅನ್ನೂದ ಅಂಜಿಕಿ ಮಾತು," ಎಂದಳು ಅವಳು.

ಅಕ್ಕ ಅಟ್ಟದ ಮೇಲಿನ ಹಳೆಯ ರಜಿಸ್ಟರ್ ಇಳಿಸಿದರು. ಅದರಲ್ಲಿ ಇದ್ದವರನ್ನು ನೋಡಿ, ಇಲ್ಲದವರನ್ನು ನೆನಪಿನಿಂದ ಪಟ್ಟಿ ಮಾಡಿದರು. ದಿನಾ ಬೆಳಿಗ್ಗೆ ನಾಗೇಶ ಬಸ್ಸಿನ ವೇಳೆ ಬರೆದುಕೊಡುತ್ತಿದ್ದರು. ಅಕ್ಕ ಭಂಡಾರಕವಠೆ, ತಡವಳ ಎಂದು ಹಳ್ಳಿ ಹಳ್ಳಿ ತಿರುಗಿದರು. ಮನೆ ಮನೆಗೆ ಹೋಗಿ, "ನಿಮ್ಮ ಹುಡುಗಿ ಫೋಟೋ ನಾ ಜ್ವಾಕಿ ಮಾಡಲಿಲ್ಲ. ಗುರ್ತಿಲ್ಲದವರ ಫೋನ್ ಬಂದ್ರ ಹುಷಾರಿರ್ರಿ. ನೀವು ಅಳಿಸಿದ್ದೂ ನಾ ಓದೀನಿ," ಎಂದು ಹೇಳಿದರು. ಕೆಲವರು ನೀರು ಕೊಟ್ಟರು, ಕೆಲವರು ಬಾಗಿಲು ಹಾಕಿಕೊಂಡರು. ತಡವಳದಲ್ಲಿ ಆ ಹುಡುಗ ಕುಡಿಯುವ ಸುದ್ದಿ ಕೇಳಿದ ಸಾಯಲಿಯ ತಾಯಿ, ಕಾರಣ ಮುಚ್ಚಿಟ್ಟದ್ದಕ್ಕೆ ಬೈಯಬೇಕೋ, ಮಗಳನ್ನು ಉಳಿಸಿದ್ದಕ್ಕೆ ಕಾಲು ಹಿಡಿಯಬೇಕೋ ತಿಳಿಯದೆ ಅತ್ತಳಂತೆ. ಎಂಟು ದಿನದಲ್ಲಿ ಮುಗಿಯುವಷ್ಟು ಊರುಗಳಲ್ಲ ಅವು, ಈಗಲೂ ತಿರುಗುತ್ತಿದ್ದಾರೆ.

ಸಾಖರಪುಡಾದ ಹಿಂದಿನ ದಿನ ಸಂಜೆ ಅಕ್ಕನ ಫೋನು ಸದ್ದು ಮಾಡಿತು. ಕಸ್ತೂರಬಾಯಿಯಿಂದ. ಅಕ್ಕ ಕನ್ನಡಕ ಹುಡುಕಿ ಹಾಕಿಕೊಳ್ಳುವಷ್ಟರಲ್ಲಿ ಅಲ್ಲಿ ಒಂದೇ ಸಾಲು ಉಳಿದಿತ್ತು: ಈ ಸಂದೇಶವನ್ನು ಅಳಿಸಲಾಗಿದೆ.

"ಏನ ಬರದಿರಬೇಕ್ರಿ?" ಎಂದೆ. ಬರಬೇಡಿ ಎಂದೇ ಬರೆದಿರಬೇಕು ಎಂದುಕೊಂಡೆ. "ಫೋನ್ ಮಾಡಿ ಕೇಳ್ರಿ."

"ಬ್ಯಾಡ. ಅಳಿಸ್ಯಾರ. ಅಳಿಸಿದ್ದು ನಂದಲ್ಲ," ಎಂದು ಅಕ್ಕ ಫೋನನ್ನು ಬೋರಲು ಇಟ್ಟರು. ಆದರೆ ಮಲಗುವವರೆಗೆ ನಾಲ್ಕು ಸಲ ಅದನ್ನು ತಿರುಗಿಸಿ ನೋಡಿದ್ದನ್ನು ನಾನು ಕಂಡೆ.

ರವಿವಾರ ನಾವು ಹೊರಟಾಗ ಅವರು ಬಸ್‌ಸ್ಟ್ಯಾಂಡಿನವರೆಗೆ ಬಂದರು. ಕೇತಕಿಯ ತಲೆ ನೇವರಿಸಿ ಒಂದು ಖಣ, ಒಂದು ತೆಂಗಿನಕಾಯಿ ಕೊಟ್ಟರು. ಕೇತಕಿ ಬಸ್ಸಿನಲ್ಲಿ ಸೋಲಾಪುರ ಬರುವವರೆಗೆ ಆ ಕಾಯಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಚನ್ನವೀರಪ್ಪನವರ ಮಾಳಿಗೆಯ ಹಾಲು ತುಂಬಿತ್ತು. ಮಣೆ ಹಾಕಿದ್ದರು, ಸಕ್ಕರೆಯ ಪುಡಿಕೆಗೆ ಬೇಗಡೆ ಸುತ್ತಿ ತಾಟಿನಲ್ಲಿ ಇಟ್ಟಿದ್ದರು. ಕಸ್ತೂರಬಾಯಿ ಮೂರು ಸಲ ಮೆಟ್ಟಿಲಿನ ಕಡೆ ಹೋಗಿ ಬಂದರು. ನಾಲ್ಕನೆಯ ಸಲ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು.

"ಯಮುನಾಬಾಯರು ಎಲ್ಲಿ?"

ನನ್ನ ಸಿಟ್ಟು ಮೂಗಿನ ತುದಿಗೆ ಬಂತು. ಮಗಳ ಮುಖ ನೋಡಿ ನುಂಗಿಕೊಂಡೆ. "ಬರಲಿಲ್ಲರಿ. ನೀವ ಬರೂದು ಬ್ಯಾಡಂದಿದ್ರಿ," ಎಂದೆ.

"ನಿನ್ನೆ ಮೆಸೇಜ್ ಬರೆದಿದ್ದೆನಲ್ಲ. ನೀವು ಬರಲಾರದ ಈ ಕಾರ್ಯ ಆಗೂದಿಲ್ಲ ಅಂತ."

"ಅಳಿಸಿದ್ರಲ್ಲರಿ."

"ಅಳಿಸಿದ್ರೇನಾತು? ಅವರ ಫೋನಿನ್ಯಾಗ ಉಳೀತದಲ್ಲ." ಆಕೆಯ ಕಣ್ಣು ನೆಲ ನೋಡುತ್ತಿತ್ತು. "ಅಷ್ಟು ಅಂದ ಮ್ಯಾಲ ಬಾಯಿಬಿಟ್ಟು 'ಬರ್ರಿ' ಅನ್ನಲಿಕ್ಕೆ ಮನಸ್ ಆಗಲಿಲ್ಲ. ಅಂದಂಗೂ ಆಗಬಾರದು, ತಿಳದಂಗೂ ಆಗಬೇಕು ಅಂತ ಬರದು ಅಳಿಸಿದೆ."

"ಆ ಫೋನು ಈಗ ಎಲ್ಲರ ಫೋನಿನಂಗ ಆಗೇದರಿ. ಅಳಿಸಿದ್ದು ಅಕ್ಕಾಗ ಕಾಣಲಿಲ್ಲ."

ಕಸ್ತೂರಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಅಕ್ಕನ ಮೊಬೈಲಿಗೆ ಫೋನು ಹಚ್ಚಿದೆ. ಮೊದಲನೆಯ ರಿಂಗಿಗೇ ಅಕ್ಕ ಎತ್ತಿದರು, ಫೋನು ಕೈಯಲ್ಲೇ ಇದ್ದಿರಬೇಕು. ನಾನು ಮಾತಾಡುವುದರೊಳಗೆ ಕಸ್ತೂರಬಾಯಿ ಅದನ್ನು ನನ್ನ ಕೈಯಿಂದ ತೆಗೆದುಕೊಂಡರು.

"ಯಮುನಾಬಾಯರ, ನಾ ಕಸ್ತೂರಬಾಯಿ. ಬರ್ರಿ," ಎಂದರು. ಹಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಇನ್ನೊಮ್ಮೆ ಹೇಳಿದರು. "ನೀವು ಬರೂತನಕ ಸಕ್ಕರಿ ಪುಡಿಕಿ ಬಿಚ್ಚೂದಿಲ್ಲ. ಮುಂದಿನ ಸಾಲಿನ್ಯಾಗ ನಿಮ್ಮ ಜಾಗಾ ಹಿಡದಿಟ್ಟೀನಿ."

ಸ್ಪೀಕರ್ ಹಚ್ಚಿ ಫೋನನ್ನು ನಮ್ಮ ನಡುವೆ ಹಿಡಿದರು. ಆ ಕಡೆಯಿಂದ ಸೀರೆಯ ಟ್ರಂಕಿನ ಮುಚ್ಚಳ ತೆಗೆದ ಸದ್ದು ಬಂತು.

"ನಾಗೇಶಗ ಕೇಳ್ರಿ," ಎಂದರು ಅಕ್ಕ, "ಈಗ ಬಸ್ ಎಷ್ಟಕ್ಕ ಅದ ಅಂತ."

ಹನ್ನೆರಡೂ ಹತ್ತಕ್ಕೆ ಇತ್ತು. ಅಕ್ಕ ಬರುವವರೆಗೆ, ಎರಡು ಗಂಟೆಯಾದರೂ, ಯಾರೂ ಊಟಕ್ಕೆ ಏಳಲಿಲ್ಲ.